ಆಚೆ ಕಂಬ

ಸತ್ತವರ ಮನೆಯಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಆ ಭಾನುವಾರ ಸಂಜೆ ಡೆಲಿಯಾಳ ಮನೆಯಂಗಳದಲ್ಲಿಯೂ ದನಿಗಳು ತಗ್ಗಿದ್ದವು. ಆದರೆ ಅದು ದುಃಖಕ್ಕೆ ತಗ್ಗಿದ ದನಿಯಲ್ಲ, ಹಲ್ಲು ಕಚ್ಚಿಕೊಂಡು ಆಡುವ ಮಾತಿನ ದನಿ. ಮುಂಗೋಣೆಯಲ್ಲಿ ಗಂಡನ ಶವಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳಿಗೆ ಅರೆತೆರೆದ ಕಿಟಕಿಯಿಂದ ಒಂದೊಂದು ಮಾತೂ ಕೇಳುತ್ತಿತ್ತು.

"ಒಂದು ಮೊಳ ಹೊರಗೆ ಹೋಗಿದೆ ಕಣ್ರೋ. ಒಂದು ಮೊಳ!"

"ಮೊಳ ಏನು ಬಂತು? ಕೊಟ್ಟಿಗೆ ಬಾಗಿಲಷ್ಟು ಅನ್ನು."

"ಆಟ ಮುಗಿದು ಇನ್ನೂ ಬೂಟಿನ ಮಣ್ಣು ಒಣಗಿಲ್ಲ, ಆಗಲೇ ಕೊಟ್ಟಿಗೆ ಬಾಗಿಲಾಯ್ತು. ನಾಳೆ ಹೊತ್ತಿಗೆ ಚರ್ಚಿನ ಬಾಗಿಲಾಗುತ್ತೆ ಬಿಡು."

ಯಾರೋ ನಕ್ಕರು. ನಗು ಅಷ್ಟೇ ಬೇಗ ಆರಿಹೋಯಿತು. ಆಮೇಲೆ ಕೇಳಿದ್ದು ಅವಳ ತಮ್ಮ ಜಾರ್ಲತ್‌ನ ದನಿ. "ನಗ್ರಿ ನಗ್ರಿ. ಅವನು ಬಂದೇ ಬರ್ತಾನಲ್ಲ, ಆಗ ನೋಡೋಣ ಯಾರು ನಗ್ತಾರೆ ಅಂತ."

ಡೆಲಿಯಾ ಪೆಟ್ಟಿಗೆಯ ಅಂಚನ್ನು ಮುಟ್ಟಿದಳು. ಒಳಗೆ ಕೋಲ್ಮನ್ ಕಂದು ಸೂಟಿನಲ್ಲಿ, ಬೆರಳುಗಳಿಗೆ ಜಪಸರ ಸುತ್ತಿಕೊಂಡು, ಯಾರ ಗೊಡವೆಯೂ ಬೇಡವೆನ್ನುವ ಹಾಗೆ ಮಲಗಿದ್ದ. ಅವನು ತೀರಿಕೊಂಡದ್ದು ಶುಕ್ರವಾರ. ಭಾನುವಾರ ಕೌಂಟಿ ಫೈನಲ್, ಜಿಲ್ಲೆಯ ಊರೂರ ಫುಟ್‌ಬಾಲ್ ತಂಡಗಳ ಕೊನೆಯ ಪಂದ್ಯ. ಕಿಲ್ಕಾರಾ ಊರಿನವರು ಫೈನಲ್ ತಲುಪಿ ಒಂದು ತಲೆಮಾರು ಕಳೆದಿತ್ತು. ಡೆಲಿಯಾಳ ಮಗ ಲೊರ್ಕನ್ನೇ ತಂಡದ ಗೋಲ್ ಕೀಪರ್. ಕ್ಲಬ್ಬಿನವರು ಟೋಪಿ ಕೈಯಲ್ಲಿ ಹಿಡಿದು ಬಂದು, ಆಟ ಮುಂದಕ್ಕೆ ಹಾಕಿಸೋಣವೇ ಎಂದು ಕೇಳಿದ್ದರು. "ಮುಂದಕ್ಕೆ ಹಾಕಿದ್ರೆ ಇವರು ಪೆಟ್ಟಿಗೆಯಿಂದಲೇ ಎದ್ದು ಕೂರ್ತಾರೆ," ಎಂದಿದ್ದಳು ಡೆಲಿಯಾ. "ಆಡ್ಲಿ. ಲೊರ್ಕನ್ನೂ ಆಡ್ಲಿ."

ಆಡಿದರು. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. ಕೊನೆಯ ಗಳಿಗೆಯವರೆಗೂ ಡನ್‌ಮಾಯ್ಲ್ ತಂಡದ ಸಮಕ್ಕೆ ನಿಂತಿದ್ದರು. ಆ ಸೀಮೆಯ ಫುಟ್‌ಬಾಲಿನಲ್ಲಿ ಚೆಂಡು ಎರಡು ಕಂಬಗಳ ನಡುವೆ ಮೇಲಿಂದ ಹಾದರೂ ಒಂದು ಪಾಯಿಂಟ್. ಕೊನೆಯ ಒದೆತ ಡನ್‌ಮಾಯ್ಲಿನವರದು. ಚೆಂಡು ಗೋಲಿನ ಕಂಬದ ನೆತ್ತಿಗಿಂತಲೂ ಎಷ್ಟೋ ಎತ್ತರದಲ್ಲಿ ಹಾರಿಹೋಯಿತು. ಅಷ್ಟೆತ್ತರದ ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಹೇಳಬೇಕಾದವನು ಆ ಕಂಬದ ಬುಡದಲ್ಲಿ ಬಿಳಿ ಕೋಟು ತೊಟ್ಟು ನಿಂತ ಅಂಪೈರ್. ಅವನು ಬಗ್ಗಿ ಬಿಳಿ ಬಾವುಟ ಎತ್ತಿದ. ಒಂದು ಪಾಯಿಂಟ್. ಅಲ್ಲಿಗೆ ಗೆಲುವಿನ ಕಪ್ ಡನ್‌ಮಾಯ್ಲಿಗೆ ಹೋಯಿತು.

ಹಾಗೆ ಬಾವುಟ ಎತ್ತಿದವನು ಮಲಾಕಿ. ಕೋಲ್ಮನ್‌ನ ಪ್ರಾಣಸ್ನೇಹಿತ.

ಒಬ್ಬನೇ ರೆಫ್ರಿಯ ಕೈಕೆಳಗೆ ಮಲಾಕಿ, ಕೋಲ್ಮನ್ ಇಬ್ಬರೂ ಎಷ್ಟೋ ವರ್ಷ ಅಂಪೈರುಗಳಾಗಿದ್ದವರು. ಗೋಲಿನ ಈ ಕಂಬಕ್ಕೆ ಒಬ್ಬ, ಆ ಕಂಬಕ್ಕೆ ಒಬ್ಬ. ಕಿಲ್ಕಾರಾ ಆಡುವ ದಿನ ಮಾತ್ರ ಅವರಿಗೆ ಬಿಡುವು, ಕೋಲ್ಮನ್ ಅದೇ ಊರಿನವನಲ್ಲವೇ. ವಸಂತದಲ್ಲಿ ಕೋಲ್ಮನ್ ಹಾಸಿಗೆ ಹಿಡಿದ. ಅವನ ಜಾಗಕ್ಕೆ ರೆಫ್ರಿಯ ಅಳಿಯ ಬಂದ. ಆ ಗುಂಪಿನಲ್ಲಿ ಈಗ ಕಿಲ್ಕಾರಾದವರು ಯಾರೂ ಇಲ್ಲವೆಂದು ಫೈನಲ್ಲನ್ನು ಅವರಿಗೇ ಕೊಟ್ಟರು.

ಡೆಲಿಯಾ ಎದ್ದು ಹೊರಬಾಗಿಲಿಗೆ ಹೋದಳು. ಅಂಗಳದ ತುಂಬ ಊರ ತಂಡದ ಹಸಿರು ಬಿಳಿ ಶಾಲುಗಳು. ಕೆಲವರು ಮಾತ್ರ ಮನೆಗೆ ಹೋಗಿ ಕಪ್ಪು ಕೋಟು ತೊಟ್ಟು ಬಂದಿದ್ದರು. ಉಳಿದವರು ಮೈದಾನದಿಂದ ನೇರ ಇಲ್ಲಿಗೇ ಬಂದವರು.

"ಜಾರ್ಲತ್, ಒಳಗೆ ಬಂದು ಕೆಟಲ್ ತುಂಬು."

"ಹೆಂಗಸರು ಇದ್ದಾರಲ್ಲ ಅಕ್ಕ ಅಡುಗೆಮನೇಲಿ."

"ಅವರ ಕೈ ಬ್ರೆಡ್ಡಿನಲ್ಲಿದೆ. ನಿನ್ನ ಕೈ ಜೇಬಲ್ಲಿದೆ."

ಜಾರ್ಲತ್ ತಲೆ ತಗ್ಗಿಸಿ ಅವಳ ಹಿಂದೆ ಬಂದ. ಅರವತ್ತು ದಾಟಿದ, ಎತ್ತಿನಂಥ ಆಳು. ಅಕ್ಕನ ಮುಂದೆ ಮಾತ್ರ ಇನ್ನೂ ಚಡ್ಡಿ ಹಾಕಿದ ಹುಡುಗನೇ. ನಲ್ಲಿಯ ಕೆಳಗೆ ಕೆಟಲ್ ಹಿಡಿದು, ಮೆಲ್ಲಗೆ ಅಂದ: "ನಾನು ಅವನ ಮೈ ಮುಟ್ಟಲ್ಲ ಅಕ್ಕ. ಆಣೆ ಇಟ್ಟು ಹೇಳ್ತೀನಿ. ಆದರೆ ಹೊರಗೆ ನಿಂತಿರೋರೆಲ್ಲರ ಪರವಾಗಿ ನಾನು ಆಣೆ ಇಡೋಕಾಗಲ್ಲ. ಮಧ್ಯಾಹ್ನದಿಂದ ಕುಡಿದಿದ್ದಾರೆ. ಎಲ್ಲರೂ ಲೊರ್ಕನ್ ಮುಖ ನೋಡ್ತಿದ್ದಾರೆ."

ಡೆಲಿಯಾಳ ಚಿಂತೆಯೂ ಅದೇ. ಲೊರ್ಕನ್ ಮೈದಾನದಿಂದ ಮನೆಗೆ ಬಂದು ಮೈ ತೊಳೆದು, ಕಪ್ಪು ಸೂಟು ತೊಟ್ಟು, ಒದ್ದೆ ತಲೆಯಲ್ಲೇ ಅಪ್ಪನ ಪೆಟ್ಟಿಗೆಯ ಬಳಿ ನಿಂತ ಮೇಲೆ ಒಂದೇ ಮಾತು ಆಡಿದ್ದ: "ಆ ಮನುಷ್ಯ ಬಂದ್ರೆ ನಾನು ಅವನಿಗೆ ಕೈ ಕೊಡಲ್ಲಮ್ಮ."

ಅವನ ಕಿವಿಯ ಹಿಂದೆ ಮಣ್ಣಿನ ಗೆರೆ ಹಾಗೆಯೇ ಉಳಿದಿತ್ತು. ಡೆಲಿಯಾ ಕರವಸ್ತ್ರದಿಂದ ಅದನ್ನು ಒರೆಸಿದ್ದಳು.

ಆ ಸೀಮೆಯಲ್ಲಿ ಸಾವಿನ ಮನೆಗೆ ಬಂದವನು ಸಾಲಿನಲ್ಲಿ ನಿಂತು ಮನೆಯವರ ಕೈ ಹಿಡಿದು ಒಂದೇ ಒಂದು ಮಾತು ಹೇಳುತ್ತಾನೆ, "ಆಗಬಾರದ್ದು ಆಗಿಹೋಯ್ತು" ಎಂದು. ಮನೆಯವರು "ಬಂದಿದ್ದು ಒಳ್ಳೇದಾಯ್ತು" ಎನ್ನುತ್ತಾರೆ. ಅಷ್ಟೇ. ಸಾವಿರ ಜನ ಬಂದರೂ ಅದೇ ಮಾತು, ಅದೇ ಉತ್ತರ. ನೀಡಿದ ಕೈಯನ್ನು ಹೆಣದ ಮುಂದೆ ಬೇಡವೆಂದವರ ಕಥೆ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಅದೂ ಅಲ್ಲದೆ, ಲೊರ್ಕನ್ ಕೈ ಹಿಂದಕ್ಕೆ ತೆಗೆದನೆಂದರೆ ಅಂಗಳದಲ್ಲಿದ್ದವರಿಗೆ ಅದೇ ಅಪ್ಪಣೆ. ಮಲಾಕಿ ಒಳಗೆ ಬಂದ ಹಾಗೆ ಹೊರಗೆ ಹೋಗಲಾರ.

ನೆರೆಮನೆಯ ಫಿಲೋಮಿನಾ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಮೂಲೆಯಿಂದ ಮೂಲೆಗೆ ಕತ್ತರಿಸುತ್ತ ತಲೆ ಎತ್ತದೆಯೇ ಕೇಳಿದಳು: "ಮಲಾಕಿಗೆ ಫೋನ್ ಮಾಡ್ಲೇನೇ? ಇವತ್ತು ಬೇಡ, ನಾಳೆ ಮಣ್ಣಿಗೆ ಬಾ ಅಂದ್ರೆ ಆಯ್ತಪ್ಪ. ಅವನಿಗೂ ಅರ್ಥ ಆಗುತ್ತೆ."

ಡೆಲಿಯಾಗೆ ಒಂದು ಗಳಿಗೆ ಹೂಂ ಎಂದುಬಿಡುವಂತಾಯಿತು. ಹಿತ್ತಿಲ ಬಾಗಿಲ ಪಕ್ಕದ ಎರಡು ಮೊಳೆಗಳ ಮೇಲೆ ಕಣ್ಣು ಹೋಯಿತು. ಒಂದರಲ್ಲಿ ಕೋಲ್ಮನ್‌ನ ಬಿಳಿ ಕೋಟು ತೂಗುತ್ತಿತ್ತು. ಇನ್ನೊಂದು ಖಾಲಿ. ಮಲಾಕಿ ಮದುವೆಯಾಗದ ಮನುಷ್ಯ. ಅವನ ಕೋಟನ್ನೂ ಗಂಡನ ಕೋಟಿನ ಜೊತೆಗೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುತ್ತಿದ್ದವಳು ಅವಳೇ. ಗುರುವಾರ ಸಂಜೆ, ಒಳಗೆ ಕೋಲ್ಮನ್‌ನ ಉಸಿರು ಏರುಪೇರಾಗುತ್ತಿದ್ದಾಗ, ಕೈಗೆ ಏನಾದರೂ ಕೆಲಸ ಬೇಕೆಂದು ಅವಳು ಇಸ್ತ್ರಿ ಮಾಡಿದ್ದು ಮಲಾಕಿಯ ಆ ಕೋಟನ್ನೇ. ಇವತ್ತು ಆ ಬಾವುಟ ಎತ್ತಿದ ತೋಳು ಅದರದ್ದೇ.

ಗುರುವಾರ ಎಂದರೆ ಮಲಾಕಿಯ ದಿನವೂ ಹೌದು. ವಸಂತದಿಂದ ಈಚೆಗೆ ಪ್ರತಿ ಗುರುವಾರ ಅವನು ಬಂದು, ಬಿಸಿನೀರು ತರಿಸಿ, ಸ್ನೇಹಿತನ ಗಡ್ಡ ಬೋಳಿಸಿ ಹೋಗುತ್ತಿದ್ದ. ಅವನು ಯಾರಿಗೂ ಹೇಳಿಕೊಂಡವನಲ್ಲ. ಲೊರ್ಕನ್ ದೂರದ ಪೇಟೆಯಲ್ಲಿ ಕೆಲಸ ಮಾಡುವವನು, ವಾರದ ಕೊನೆಗೆ ಬರುವವನು, ಅವನಿಗೂ ಗೊತ್ತಿರಲಿಲ್ಲ. ನಡುಗುವ ಕೈಯ ಆ ಮುದುಕ ಒಂದು ಗೀರೂ ಬೀಳದ ಹಾಗೆ ಬೋಳಿಸುವುದನ್ನು ಡೆಲಿಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬೇಡ ಫಿಲ್," ಎಂದಳು. "ಬರೋನು ಬರ್ಲಿ."

ಅಷ್ಟರಲ್ಲಿ ದೂರದಿಂದ ಹಾರ್ನಿನ ಸದ್ದು ಕೇಳಿಸಿತು. ಒಂದಲ್ಲ, ಇಪ್ಪತ್ತಲ್ಲ, ಊರಿಗೆ ಊರೇ ಹಾರ್ನು ಒತ್ತಿದಂತೆ. ಡನ್‌ಮಾಯ್ಲಿನವರು ಗೆದ್ದ ಕಪ್ ಹೊತ್ತು ಮನೆಗೆ ಹೊರಟಿದ್ದರು. ಅವರ ಊರಿಗೆ ಇರುವುದೊಂದೇ ದಾರಿ, ಅದು ಕಿಲ್ಕಾರಾದ ನಡುವೆ, ಡೆಲಿಯಾಳ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅಂಗಳದಲ್ಲಿದ್ದವರೆಲ್ಲ ಒಂದೇ ಮೈಯಾಗಿ ಗೇಟಿನ ಕಡೆ ಸರಿದರು. ಜಾರ್ಲತ್ ತುಂಬಿದ ಕೆಟಲನ್ನು ಹಾಗೆಯೇ ಬಿಟ್ಟು ಓಡಿದ. ಡೆಲಿಯಾ ಮುಂಗೋಣೆಯ ಕಿಟಕಿಗೆ ಬಂದಳು. ಲೊರ್ಕನ್ ಪೆಟ್ಟಿಗೆಯ ತಲೆಯ ಕಡೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

ಸದ್ದು ಸೇತುವೆಯವರೆಗೆ ಬಂತು. ಅಲ್ಲಿ ಇದ್ದಕ್ಕಿದ್ದಂತೆ ನಿಂತಿತು.

ಮೊದಲ ಕಾರು ಗೇಟಿನ ಮುಂದೆ ಆಮೆಯ ಹಾಗೆ ಬಂತು. ಹಿಂದೆ ಎರಡನೆಯದು, ಮೂರನೆಯದು. ಒಂದರಲ್ಲೂ ಹಾರ್ನಿಲ್ಲ, ಹಾಡಿಲ್ಲ. ಕಿಟಕಿಯಿಂದ ಹೊರಗೆ ಹಾರುತ್ತಿದ್ದ ಕೆಂಪು ಬಾವುಟಗಳನ್ನೆಲ್ಲ ಒಳಗೆ ಎಳೆದುಕೊಂಡಿದ್ದರು. ತಂಡದ ಬಸ್ಸಿನ ಮುಂದಿನ ಗಾಜಿನ ಬಳಿ ಕಪ್ ಹಿಡಿದು ನಿಂತಿದ್ದ ನಾಯಕ ಅದನ್ನು ಇಳಿಸಿ, ತನ್ನ ಕೋಟು ಹೊದಿಸಿ, ಕೂತು ತೊಡೆಯ ಮೇಲಿಟ್ಟುಕೊಂಡ. ಹುಡುಗರು ಒಬ್ಬೊಬ್ಬರಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಕೊನೆಯ ಕಾರು ತಿರುವು ದಾಟಿ, ಹಳೆಯ ಶಾಲೆಯನ್ನೂ ದಾಟಿದ ಮೇಲೆಯೇ ಹಾರ್ನುಗಳು ಮತ್ತೆ ಶುರುವಾದದ್ದು.

"ಥೂ ಇವರ," ಎಂದ ಗೇಟಿನ ಬಳಿ ಒಬ್ಬ. "ಒಂದು ಬೈಗುಳ ಬಯ್ಯೋಕೂ ಜಾಗ ಬಿಡಲಿಲ್ಲವಲ್ಲೋ."

ಎಸೆಯಲಾಗದ ಕಲ್ಲು ಕೈಯಲ್ಲೇ ಉಳಿದಂತಾಗಿತ್ತು ಅವರ ಸ್ಥಿತಿ. ಸೇತುವೆಯ ಕಡೆಯಿಂದ ಮಲಾಕಿ ನಡೆದು ಬಂದದ್ದು ಆಗಲೇ.

ಕಾರನ್ನು ಅಲ್ಲೇ ಬಿಟ್ಟು ಬಂದಿದ್ದ. ನೀಲಿ ಸೂಟು, ಬೋಳಿಸಿದ ಕೆನ್ನೆ, ಕಂಕುಳಲ್ಲಿ ಒಂದು ಅಂಗಡಿ ಚೀಲ. ಗೇಟಿನಿಂದ ಬಾಗಿಲವರೆಗೆ ಜನ ಎರಡು ಸಾಲಾಗಿ ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ, ಯಾರೂ ಅಡ್ಡ ಬರಲೂ ಇಲ್ಲ. ಮಧ್ಯದ ಸಂದಿಯಲ್ಲಿ ಅವನು ಭುಜ ಓರೆ ಮಾಡಿಕೊಂಡು ನಡೆದ.

"ಎದುರಿಗಿರೋ ಬಾಗಿಲು ಕಾಣುತ್ತಾ ಮಲಾಕಿ? ಇಲ್ಲಾ ಕೈ ಹಿಡಿದು ಕರ್ಕೊಂಡು ಹೋಗ್ಲಾ?"

"ಚೀಲದಲ್ಲೇನೋ? ಡನ್‌ಮಾಯ್ಲಿನವರು ಕೊಟ್ಟಿದ್ದಾ?"

"ಬಾಗಿಲಿಗೂ ಎರಡು ಕಂಬ ಇದೆ ನೋಡು. ಒಳಗೆ ಹೋಗ್ತೀಯೋ ಹೊರಗೆ ಹೋಗ್ತೀಯೋ ಸರಿಯಾಗಿ ನೋಡ್ಕೊಂಡು ಹೇಳು."

ಮಲಾಕಿ ಯಾವುದಕ್ಕೂ ತಲೆ ಎತ್ತಲಿಲ್ಲ. ಹೊಸಿಲಲ್ಲಿ ನಿಂತು ಬೂಟು ಒರೆಸಿಕೊಂಡ. ಡೆಲಿಯಾಗೆ ಅದು ಚೆನ್ನಾಗಿ ನೆನಪಿನಲ್ಲಿ ಉಳಿಯಿತು: ಅಷ್ಟು ಜನ ಬೆನ್ನ ಹಿಂದೆ ಬುಸುಗುಡುತ್ತಿದ್ದರೂ ಅವಳ ನೆಲ ಕೊಳೆಯಾಗಬಾರದೆಂದು ಅವನು ಎರಡೂ ಬೂಟು ಒರೆಸಿದ್ದು.

ಅವನ ಹಿಂದೆಯೇ ಜನ ಬಾಗಿಲಿಗೆ ಮುತ್ತಿದರು. ಕೋಣೆಯೊಳಗೆ ಜಪ ಹೇಳುತ್ತಿದ್ದ ಮುದುಕಿಯರು ಅಲ್ಲಿಗೇ ನಿಲ್ಲಿಸಿದರು. ಸಾಲಿನಲ್ಲಿ ಮೊದಲು ಡೆಲಿಯಾ. ಅವಳು ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳೇ "ಬಂದಿದ್ದು ಒಳ್ಳೇದಾಯ್ತು ಮಲಾಕಿ" ಎಂದಳು, ಬಾಗಿಲಲ್ಲಿದ್ದವರಿಗೆ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ.

ಅವಳ ನಂತರ ಲೊರ್ಕನ್.

ಮಲಾಕಿ ಕೈ ಚಾಚಿದ. ಲೊರ್ಕನ್‌ನ ಕೈಗಳು ಪಕ್ಕದಲ್ಲಿ ಇಳಿಬಿದ್ದೇ ಇದ್ದವು. ಚಾಚಿದ ಕೈ ಗಾಳಿಯಲ್ಲಿ ನಿಂತಿತ್ತು. ಡೆಲಿಯಾ ಮಗನ ಕಡೆ ನೋಡಲಿಲ್ಲ. ನೋಡಿದರೆ ಅದು ಬೇಡಿಕೊಂಡಂತಾಗುತ್ತದೆ, ಬೇಡಿಸಿಕೊಂಡು ಕೊಟ್ಟ ಕೈ ಕೈಯಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಕೋಲ್ಮನ್‌ನ ನುಣ್ಣನೆಯ ಕೆನ್ನೆಯನ್ನೇ ನೋಡುತ್ತ ನಿಂತಳು.

"ಆಗಬಾರದ್ದು ಆಗಿಹೋಯ್ತು, ಲೊರ್ಕನ್," ಎಂದ ಮಲಾಕಿ.

ಸಾವಿರ ಸಲ ಕೇಳಿದ ಮಾತು. ಆದರೆ ಆ ಕೋಣೆಯಲ್ಲಿ, ಆ ಸಂಜೆ, ಆ ಬಾಯಿಂದ ಬಂದಾಗ ಅದಕ್ಕೆ ಇನ್ನೊಂದು ಅರ್ಥ ಇಣುಕಿತು. ಲೊರ್ಕನ್ ತಲೆ ಎತ್ತಿದ.

"ಯಾವುದು?" ಎಂದ. "ಯಾವುದು ಆಗಬಾರದಿತ್ತು ಮಲಾಕಿ? ಸರಿಯಾಗಿ ಹೇಳಿ."

ಅಂಥ ಪ್ರಶ್ನೆಯನ್ನು ಸಾವಿನ ಮನೆಯಲ್ಲಿ ಯಾರೂ ಯಾವತ್ತೂ ಕೇಳಿದವರಿಲ್ಲ. ಕೇಳಬಾರದು. ಮಲಾಕಿಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ನಿನ್ನಪ್ಪನ ಸಾವು ಎಂದಿದ್ದರೆ ಮುಗಿದುಹೋಗುತ್ತಿತ್ತು, ಯಾರೂ ಮರುಮಾತಾಡುವಂತಿರಲಿಲ್ಲ.

"ಎರಡೂ ಕಣಪ್ಪ," ಎಂದ ಮಲಾಕಿ.

ಚಾಚಿದ ಕೈಯನ್ನು ಅವನು ಇನ್ನೂ ಇಳಿಸಿರಲಿಲ್ಲ.

"ಚೆಂಡು ನನ್ನ ಕಂಬದ ಮೇಲೆ ಹೋಯ್ತು. ಬಿಸಿಲು ಕಣ್ಣಿಗೆ ಹೊಡೀತಿತ್ತು. ಅನುಮಾನ ಬಂದಾಗ ನಾವು ಆಚೆ ಕಂಬದ ಕಡೆ ನೋಡೋದು. ಅಲ್ಲಿರೋನು ತಲೆ ಆಡಿಸಿದ್ರೆ ಒಳಗೆ, ಸುಮ್ಮನಿದ್ರೆ ಹೊರಗೆ. ಇಷ್ಟು ವರ್ಷ ಹಾಗೇ ನಡೀತು. ಇಡೀ ಬೇಸಿಗೆ ಆ ಹೊಸ ಹುಡುಗನ ಜೊತೆ ನಿಂತಿದೀನಿ, ಅಲ್ಲಿರೋದು ಹುಡುಗ ಅನ್ನೋದನ್ನ ಒಂದ್ಸಲಾನೂ ಮರ್ತಿರಲಿಲ್ಲ. ಇವತ್ತು..." ಅವನು ಪೆಟ್ಟಿಗೆಯ ಕಡೆ ತಿರುಗಿದ. "ಇವತ್ತು ನಾನು ಇವನನ್ನ ಹುಡುಕಿದೆ ಕಣೋ. ಹುಡುಗ ಕಾಲಿಗೆ ಸಿಕ್ಕಿದ್ದ ಯಾರದೋ ಚೀಲ ಸರಿಸೋಕೆ ತಲೆ ಬಗ್ಗಿಸಿದ. ನನಗೆ ಇವನೇ ತಲೆ ಆಡಿಸಿದ ಹಾಗಾಯ್ತು. ಬಾವುಟ ಎತ್ತಿದ ಮೇಲೇ ನಂಗೆ ನೆನಪಾಗಿದ್ದು, ಇವನು ಇಲ್ಲಿ ಮಲಗಿದಾನೆ ಅಂತ."



"ಆಗಲೇ ಹೇಳಬಹುದಿತ್ತಲ್ಲ," ಎಂದ ಲೊರ್ಕನ್. "ನಾನು ನಿಮ್ಮ ಮುಂದೇನೇ ನಿಂತು ಅಂಗಲಾಚಿದೆ."

"ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅಷ್ಟರಲ್ಲಿ ಆಟ ಮುಗೀತು ಅಂತ ರೆಫ್ರಿ ಶಿಳ್ಳೆ ಹೊಡೆದಾಗಿತ್ತು. ಅದು ನನ್ನ ಹೇಡಿತನ. ಅದಕ್ಕೆ ನಿಮ್ಮಪ್ಪನ್ನ ಎಳೆಯಲ್ಲ ನಾನು."

"ಅಪ್ಪ ಇದ್ದಿದ್ರೆ ಏನು ಮಾಡ್ತಿದ್ದ?"

"ಸುಮ್ಮನಿರ್ತಿದ್ದ. ಮಿಸುಕ್ತಾ ಇರಲಿಲ್ಲ, ಕಂಬ ಇದ್ದ ಹಾಗೆ."

ಲೊರ್ಕನ್ ಅಪ್ಪನ ಮುಖ ನೋಡಿದ. ಆಮೇಲೆ ಮಲಾಕಿಯ ಕೈ ಹಿಡಿದ. ಒಮ್ಮೆಗೇ ಹಿಡಿಯಲಿಲ್ಲ, ಎತ್ತರದಿಂದ ಬಂದ ಚೆಂಡನ್ನು ತಡೆಯುವವನ ಹಾಗೆ ತಡವರಿಸಿ, ಆಮೇಲೆ ಬಿಗಿಯಾಗಿ ಹಿಡಿದ.

"ಬಂದಿದ್ದು ಒಳ್ಳೇದಾಯ್ತು," ಎಂದ. ಕಷ್ಟಪಟ್ಟು ಅಂದ. ಆದರೆ ಅಂದ.

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮುದುಕಿಯರು ಜಪ ಬಿಟ್ಟಲ್ಲಿಂದ ಹಿಡಿದುಕೊಂಡರು. ಮಲಾಕಿ ಪೆಟ್ಟಿಗೆಯ ಬಳಿ ಸ್ವಲ್ಪ ಹೊತ್ತು ನಿಂತ. ಹೋಗುವ ಮುಂಚೆ ಬೆರಳಿನ ಹಿಂಬದಿಯಿಂದ ಸ್ನೇಹಿತನ ಗಲ್ಲವನ್ನು ಒಮ್ಮೆ ಸವರಿದ, ಕ್ಷೌರ ಮುಗಿದ ಮೇಲೆ ಒರಟು ಉಳಿದಿದೆಯೇ ಎಂದು ನೋಡುವವರ ಹಾಗೆ. ಲೊರ್ಕನ್ ಅದನ್ನು ಕಂಡ. ತಾಯಿಯ ಕಡೆ ತಿರುಗಿದ. ಅವಳು ಸುಮ್ಮನೆ ತಲೆ ಆಡಿಸಿದಳು.

ಅಡುಗೆಮನೆಯಲ್ಲಿ ಫಿಲೋಮಿನಾ ಮಲಾಕಿಯ ಮುಂದೆ ಚಹಾ ಇಟ್ಟಳು, ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿ. ಅವನು ಅದನ್ನು ಮುಟ್ಟಲಿಲ್ಲ. ಚೀಲವನ್ನು ಡೆಲಿಯಾಳ ಕೈಗೆ ಕೊಟ್ಟ.

"ಇದು ಇನ್ನು ನಂಗೆ ಬೇಡ ಡೆಲಿಯಾ. ಅವನ ಕೋಟಿನ ಜೊತೆ ಇಟ್ಬಿಡು. ಇನ್ನು ಬರಲ್ಲ ಅಂತ ರೆಫ್ರಿಗೆ ಹೇಳಿ ಬಂದಿದೀನಿ."

ಡೆಲಿಯಾ ಕೋಟನ್ನು ಹೊರತೆಗೆದು ಕೊಡವಿದಳು. ಅವಳು ಹಾಕಿದ್ದ ಗಂಜಿ ಇನ್ನೂ ಕಾಲರಿನಲ್ಲಿ ನಿಂತಿತ್ತು. ಬಲ ತೋಳಿಗೆ ಯಾರೋ ಎಸೆದ ಮಣ್ಣಿನ ಹೆಂಟೆ ತಗುಲಿ ಕಲೆಯಾಗಿತ್ತು. ಯಾರು ಎಸೆದರೆಂದು ಅವಳು ಕೇಳಲಿಲ್ಲ.

"ಮಣ್ಣಿನ ಕಲೆ. ನೆನೆಹಾಕಿದ್ರೆ ಹೋಗುತ್ತೆ," ಎಂದಳು. "ಗುರುವಾರ ಬಾ. ಇಸ್ತ್ರಿ ಮಾಡಿ ಇಟ್ಟಿರ್ತೀನಿ."

"ಡೆಲಿಯಾ, ನಾನು ಹೇಳಿದ್ದು..."

"ನೀನು ಹೇಳಿದ್ದು ಕೇಳಿಸ್ತು. ಗುರುವಾರ ನಂಗೆ ಈ ಮನೇಲಿ ಒಬ್ಬಳೇ ಇರೋಕಾಗಲ್ಲ. ಕೋಟು ತಗೊಂಡು ಹೋಗ್ತೀಯೋ, ಇಲ್ಲೇ ಬಿಡ್ತೀಯೋ, ಅದು ಆಮೇಲಿನ ಮಾತು. ಚಹಾ ಕುಡಿ."

ಅವನು ಚಹಾ ಕುಡಿದ. ಅವನು ಎದ್ದಾಗ, ಅವನ ಹಿಂದೆಯೇ ಬಂದು ಕೂತಿದ್ದ ಲೊರ್ಕನ್ನೂ ಎದ್ದ. "ಕಾರಿನವರೆಗೆ ಬರ್ತೀನಿ," ಎಂದ. ಹಿತ್ತಿಲ ಬಾಗಿಲು ಪಕ್ಕದಲ್ಲೇ ಇತ್ತು. ಆದರೂ ಲೊರ್ಕನ್ ಅವನನ್ನು ಮುಂಬಾಗಿಲಿನಿಂದ, ಅಂಗಳದ ನಟ್ಟನಡುವೆ ಕರೆದುಕೊಂಡು ಹೋದ.

ಡೆಲಿಯಾ ಬಕೆಟ್ಟಿಗೆ ನೀರು ಬಿಡುತ್ತ ಕಿವಿಗೊಟ್ಟಳು. ಅಂಗಳದಲ್ಲಿ ಬೂಟಿನ ಸದ್ದು. ಆಮೇಲೆ ಜಾರ್ಲತ್‌ನ ದನಿ. ಅವನು ಇಡೀ ಸಂಜೆ ಕೂಡಿಟ್ಟುಕೊಂಡಿದ್ದ ಮಾತು.

"ಮಲಾಕಿ, ಅದು ಹೊರಗೆ ಹೋಗಿತ್ತು."

"ಹೌದು."

"ಹೌದಾ?"

"ಹೋಗಿತ್ತು ಜಾರ್ಲತ್. ಹೊರಗೇ ಹೋಗಿತ್ತು."

ಗೋಡೆಗೆ ಭುಜ ಕೊಟ್ಟು ನೂಕಲು ಹೋದವನಿಗೆ ಗೋಡೆಯೇ ಸಿಗದ ಹಾಗಾಗಿರಬೇಕು.

"ಒಂದು ಮೊಳ," ಎಂದ ಜಾರ್ಲತ್ ಕೊನೆಗೆ.

"ಮೊಳ ಎಲ್ಲಿ ಬಂತು? ಒಂದು ಗೇಣು."

"ಗೇಣಾ! ಯಾರ ಗೇಣು, ನಿಮ್ಮಜ್ಜಿ ಗೇಣಾ?"

"ಮಾವ, ನಾನು ಅಲ್ಲೇ ಇದ್ದೆ," ಎಂದ ಲೊರ್ಕನ್. "ಗೇಣೇ."

"ನೀನು ಸುಮ್ಮನಿರೋ! ಮೊಳ ಅಂದ್ರೆ ಮೊಳ!"

ಐದಾರು ದನಿಗಳು ಒಟ್ಟಿಗೆ ಎದ್ದವು, ಮೊಳದ ಪರ ಕೆಲವು, ಗೇಣಿನ ಪರ ಕೆಲವು. ಆ ಗಲಾಟೆ ಗೇಟು ದಾಟಿ ಮೆಲ್ಲನೆ ಸೇತುವೆಯ ಕಡೆ ಸಾಗಿತು. ಡೆಲಿಯಾ ನಲ್ಲಿ ನಿಲ್ಲಿಸಿ, ಕೋಟಿನ ಬಲ ತೋಳನ್ನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಕಲೆಯನ್ನು ತಿಕ್ಕತೊಡಗಿದಳು.